ಬಿಡು ಅಂದರೆ ಯಾವ ಬಿಡು

ನಮ್ಮ ಪಕ್ಕದ ಮನೆಯವರನ್ನು ಬೀದಿಯೆಲ್ಲ ಇನ್ಸ್‌ಪೆಕ್ಟರು ಎಂದೇ ಕರೆಯುತ್ತದೆ. ಪೊಲೀಸ್ ಇನ್ಸ್‌ಪೆಕ್ಟರಲ್ಲ, ವಾಹನ ರಸ್ತೆಗಿಳಿಯಲು ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸಿ ಮೊಹರು ಒತ್ತುತ್ತಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಮೊಹರು ಮಾತ್ರ ಮನಸ್ಸಿನಿಂದ ಇಳಿದಿಲ್ಲ. ನಮ್ಮ ಮನೆಗೆ ಬಂದರೆ ಕೂರುವ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಾರೆ. ಚಹಾ ಕುಡಿದು "ಪಾಸು" ಎನ್ನುತ್ತಾರೆ. ನನ್ನ ಸ್ಕೂಟರು ಅವರ ಕಣ್ಣಲ್ಲಿ ಯಾವತ್ತೋ ಫೇಲು.

ಅಂಥವರ ಸ್ವಂತ ಕಾರಿನ ಬ್ರೇಕು ಒಂದು ಬೆಳಿಗ್ಗೆ ಕೈಕೊಟ್ಟಿತು.

ಕಾರಿನಲ್ಲಿದ್ದವರು ಅವರ ಹೆಂಡತಿ ಮತ್ತು ಮಗಳು. ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗಬೇಕು. ಕರೆದುಕೊಂಡು ಹೋಗುವವಳು ಮಗಳು. ಆಸ್ಪತ್ರೆಯ ಇಳಿಜಾರಿನಲ್ಲಿ ಅವಳು ಪೆಡಲ್ ಒತ್ತಿದರೆ ಅದು ಏನೂ ಅಡ್ಡ ಸಿಗದೆ ನೆಲಕ್ಕೆ ಹೋಗಿ ಕೂತಿತು. ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಬದಿಯ ಬೇಲಿಗೆ ಒರಗಿಸಿ ಹೇಗೋ ನಿಲ್ಲಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದಕ್ಕೆ ಹಿಂದಿನ ವಾರವಷ್ಟೇ ಇನ್ಸ್‌ಪೆಕ್ಟರು ಅದೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕಲ್ಲಿನ ಹಾಗಿದೆ, ಪಾಸು" ಎಂದಿದ್ದರು.

ಅವತ್ತು ಕಾರನ್ನು ಟೋಯಿಂಗ್ ಗಾಡಿಯಲ್ಲಿ ಮನೆಗೆ ತಂದ ಮೇಲೆ ಮಗಳು ಅಂಗಳದಲ್ಲಿ ನಿಂತು ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. "ಊರೋರ ಗಾಡಿನೆಲ್ಲ ಫೇಲ್ ಮಾಡಿದ್ರಿ! ಅಮ್ಮ ಕೂರೋ ಗಾಡಿ ಮಾತ್ರ ಪಾಸಾ? ಇನ್ಮೇಲೆ ಇದರಲ್ಲಿ ಅವಳನ್ನ ಕೂರಿಸಲ್ಲ ನಾನು."

ಇನ್ಸ್‌ಪೆಕ್ಟರು ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರು.

ಆಮೇಲೆ ಬಾಡಿಗೆ ಕಾರಿನ ಪಾಡು. ಒಂದು ದಿನ ಬಂದರೆ ಇನ್ನೊಂದು ದಿನ ಬರುತ್ತಿರಲಿಲ್ಲ. ಬಾರದ ದಿನ ಮಗಳು ರಸ್ತೆಯ ಅಂಚಿನಲ್ಲಿ ನಿಂತು ಹೋಗುವ ಬರುವ ಗಾಡಿಗಳಿಗೆಲ್ಲ ಕೈ ತೋರಿಸುತ್ತಿದ್ದಳು; ತಾಯಿ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತು, ಊದಿದ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು.

ಬ್ರೇಕ್ ಆಯಿಲ್ ಹರಿಯುವ ಪೈಪು ಎಲ್ಲೋ ತೂತಾಗಿ ಸೋರಿತ್ತು. ಬೀದಿಯ ಮೂಲೆಯಲ್ಲೇ ಗ್ಯಾರೇಜಿದೆ. ಆದರೆ ಅಲ್ಲಿನ ಮೇಸ್ತ್ರಿಯ ಕೆಲಸವನ್ನು ಇನ್ಸ್‌ಪೆಕ್ಟರು ಅಧಿಕಾರದಲ್ಲಿದ್ದಾಗ ಎಷ್ಟು ಸಲ ಫೇಲು ಮಾಡಿದ್ದರೆಂದರೆ, ಆ ಬಾಗಿಲಿಗೆ ಹೋಗುವುದು ಅವರಿಗೆ ಸಾಧ್ಯವಿರಲಿಲ್ಲ. "ನಾನೇ ಹಾಕ್ತೀನಿ. ಒಂದು ಪೈಪೂ ಹಳೇದು ಉಳೀಬಾರದು" ಎಂದು ಹೊಸ ಪೈಪಿನ ಸುರುಳಿ ತಂದರು. ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ಗೋಣಿ ಹಾಸಿ ಮಲಗಿದರು. ಬ್ರೇಕ್ ಆಯಿಲ್ ಕಡಿಮೆಯಾಗದಂತೆ ಮೇಲಿನ ಡಬ್ಬಿಗೆ ಸುರಿಯುವ ಹುದ್ದೆಗೆ ನನ್ನ ನೇಮಕವಾಯಿತು. ನಾನೂ ಕನ್ನಡಕ ಸರಿಮಾಡಿಕೊಂಡು, ದೇಶದ ಖಜಾನೆಯೇ ನನ್ನ ಕೈಯಲ್ಲಿದೆ ಎನ್ನುವಂತೆ ನಿಂತೆ.

ಹಳೆಯ ಪೈಪನ್ನು ಬಿಚ್ಚಿ ತಂದಾಗ ತೂತು ಎಲ್ಲಿದೆ ಎಂದು ಗೊತ್ತಾಯಿತು. ಪೆಟ್ರೋಲ್ ಟ್ಯಾಂಕಿನ ಮರೆಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ತುಕ್ಕು ತಿಂದು ಕಾಗದದಂತಾಗಿತ್ತು. ಕೆಳಗೆ ಮಲಗಿ ಕತ್ತು ಹೊರಳಿಸಿದ್ದರೆ ಕಾಣುತ್ತಿತ್ತು. ಅವರು ಆ ತೂತನ್ನು ಹೆಬ್ಬೆರಳಿನಿಂದ ಸವರಿದರು. "ಸೊಂಟ ನೋವು ಅಂತ ಅವತ್ತು ಮಲಗಲಿಲ್ಲ ನಾನು" ಎಂದರು, ನನಗಲ್ಲ, ಪೈಪಿಗೆ.

ಹೊಸ ಪೈಪನ್ನು ಬಿಸ್ಕತ್ತಿನ ಡಬ್ಬದ ಸುತ್ತ ಒತ್ತಿ ಬಗ್ಗಿಸಿದರು. ತುದಿಗೆ ನಟ್ ತೂರಿಸುವುದನ್ನು ಮರೆತು ಪೈಪಿನ ಬಾಯಿ ಅರಳಿಸಿಬಿಟ್ಟರು. ಅರಳಿದ ಬಾಯಿಗೆ ನಟ್ ತೂರದು; ಕತ್ತರಿಸಿ ಮತ್ತೆ ಅರಳಿಸಿದರು. ಮತ್ತೆ ನಟ್ ಮರೆತರು. ನಾನು ನಗಲಿಲ್ಲ. ಮೂರನೆಯ ಸಲ ನಟ್ಟನ್ನು ನಾನೇ ಎತ್ತಿ ಅವರ ಕೈಗಿಟ್ಟೆ.

ಪೈಪೆಲ್ಲ ಕೂತ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು; ಕೆಳಗಿರುವವರು ಚಕ್ರದ ಬಳಿಯ ಸ್ಕ್ರೂ ಸಡಿಲಿಸಿ, ಗಾಳಿ ಹೊರಬಂದ ಮೇಲೆ ಬಿಗಿದು, "ಬಿಡು" ಎನ್ನಬೇಕು. ಸ್ಕ್ರೂ ಬಿಗಿಯುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ವಾಪಸ್ಸು ಒಳಗೆ. ಮದುವೆಯಾದಂದಿನಿಂದ ಈ ಕೆಲಸ ಹೆಂಡತಿಯದು. ಈಗ ಆ ಕಾಲಿನಲ್ಲಿ ಬಲವಿಲ್ಲ. ಮಗಳು ಬಂದು ಡ್ರೈವರ್ ಸೀಟಿನಲ್ಲಿ ಕೂತಳು.

"ಒತ್ತು."

"ಒತ್ತಿದೆ."

"ಹಿಡ್ಕೋ... ಬಿಡು."

ಎಷ್ಟೋ ದಿನಗಳ ಮೇಲೆ ತಂದೆ ಮಗಳ ನಡುವೆ ನಡೆದ ಮಾತುಕತೆ ಇಷ್ಟೇ. ಮೂರು ಚಕ್ರ ಹೀಗೇ ಮುಗಿಯಿತು. ನಾಲ್ಕನೆಯದರಲ್ಲಿ, ಪೆಡಲ್ ಒತ್ತಿ ಹಿಡಿದಿದ್ದವಳು ಸ್ಟಿಯರಿಂಗನ್ನು ನೋಡುತ್ತ ಹೇಳಿದಳು: "ಅಪ್ಪಾ, ಅವತ್ತು ಎಲ್ಲರೆದುರಿಗೆ ಹಾಗೆ ಕೂಗಬಾರದಿತ್ತು."

ಕಾರಿನ ಕೆಳಗಿನಿಂದ ದನಿ ಬಂತು. "ಹೋಗ್ಲಿ ಬಿಡು."

ಅವಳು ಬಿಟ್ಟಳು.

"ಅಯ್ಯೋ! ಯಾರೇ ಬಿಡು ಅಂದಿದ್ದು ನಿಂಗೆ?"

"ನೀವೇ ಅಂದ್ರಲ್ಲ!"

"ಅದು ಆ ಬಿಡು ಅಲ್ಲ ಕಣೇ!"

"ಬಿಡು ಅಂದ್ರೆ ಯಾವ ಬಿಡು ಅಂತ ನಂಗೇನು ಗೊತ್ತು?"

ಗೇಟಿನ ಬಳಿ ಸ್ಟೂಲಿನ ಮೇಲಿದ್ದ ತಾಯಿ ನಗತೊಡಗಿದರು. ಆ ಮನೆಯಿಂದ ನಗು ಕೇಳಿ ತಿಂಗಳುಗಳಾಗಿತ್ತು. "ಕೆಳಗಿದ್ದಾಗ ಅವರನ್ನ ಮಾತಾಡಿಸಬಾರದು ಕಣೇ. ನಾನು ಜಗಳಾನೂ ಅವರು ಹೊರಗೆ ಬಂದ್ಮೇಲೇ ಆಡ್ತಿದ್ದೆ." ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಚಕ್ರದ ಕೆಲಸ ಮೊದಲಿನಿಂದ ಶುರುವಾಯಿತು.

ಕೊನೆಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಇನ್ಸ್‌ಪೆಕ್ಟರು ಹೊರಗೆ ತೆವಳಿ ಬಂದರು. ಎಲ್ಲರೂ ಅವರ ಬಾಯಿ ನೋಡಿದೆವು. ಮಗಳು ಕೇಳಿಯೇಬಿಟ್ಟಳು. "ಪಾಸಾ?"

ಅವರು ಕೈಯೊರೆಸಿಕೊಂಡು, ಗೇಟಿನ ಬಳಿ ಕೂತ ಹೆಂಡತಿಯನ್ನು ನೋಡಿದರು. "ಅದನ್ನ ನಾನು ಹೇಳೋಹಾಗಿಲ್ಲ" ಎಂದವರೇ ಎಣ್ಣೆ ಮೆತ್ತಿದ ಬನಿಯನ್ನಿನಲ್ಲೇ ಮೂಲೆಯ ಕಡೆ ಹೊರಟರು.

ಗ್ಯಾರೇಜಿನ ಮೇಸ್ತ್ರಿ ಬಂದ. ಅವನಿಗೂ ಈ ದಿನ ಸಿಗಬೇಕಿತ್ತೇನೋ. ಕಾರಿನ ಸುತ್ತ ಥೇಟ್ ಇನ್ಸ್‌ಪೆಕ್ಟರರ ಗತ್ತಿನಲ್ಲೇ ಒಂದು ಸುತ್ತು ಹಾಕಿದ. ಆಮೇಲೆ ಗತ್ತನ್ನು ಬದಿಗಿಟ್ಟು, ಗೋಣಿಯ ಮೇಲೆ ಮಲಗಿ, ಟ್ಯಾಂಕಿನ ಮರೆಯವರೆಗೂ ಕತ್ತು ಹೊರಳಿಸಿದ. ಪೈಪಿನ ಒಂದೊಂದು ಜೋಡಣೆಗೂ ಬಟ್ಟೆ ಒತ್ತಿ ಒದ್ದೆಯಿದೆಯೇ ನೋಡಿದ. ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೈಕಟ್ಟಿಕೊಂಡು ನಿಂತಿದ್ದರು, ಹಿಂದೆ ಅವರೆದುರು ಗಾಡಿಯವರು ನಿಲ್ಲುತ್ತಿದ್ದ ಹಾಗೆ.

"ಸಾಹೇಬ್ರೇ, ಒಂದು ನಟ್ ಅರ್ಧ ಸುತ್ತು ತಿರುಗಿಸಿದೀನಿ. ಜಿನುಗ್ತಿತ್ತು" ಎಂದ ಮೇಸ್ತ್ರಿ, ತಗ್ಗಿದ ದನಿಯಲ್ಲಿ. "ಈಗ ಸರಿಯಾಗಿದೆ."

ಅವರು ಅವನ ಭುಜ ಮುಟ್ಟಿದರು.

ಮರುದಿನ ಆಸ್ಪತ್ರೆಯ ಸರದಿ. ಬಾಡಿಗೆ ಕಾರಿಗೆ ಯಾರೂ ಫೋನ್ ಮಾಡಲಿಲ್ಲ. ಮಗಳು ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲು ಎತ್ತಿ ಒಳಗಿಟ್ಟು, ಬಾಗಿಲು ಹಾಕಿದಳು. ಹಿಂದಿನ ಸೀಟಿನಲ್ಲಿ ಇನ್ಸ್‌ಪೆಕ್ಟರು, ಅವರ ಪಕ್ಕ ಆಯಿಲ್ ಡಬ್ಬದ ಮಾಜಿ ಅಧಿಕಾರಿಯಾದ ನಾನು. ಇಳಿಜಾರಿನ ನಡುವೆ, ಆ ಬೇಲಿಯ ಎದುರಿಗೇ, ಅವಳು ಬೇಕೆಂದೇ ಬ್ರೇಕ್ ಒತ್ತಿದಳು. ಕಾರು ಅಲ್ಲಾಡದೆ ನಿಂತಿತು. ಅವಳು ಕಾಲು ತೆಗೆಯಲೇ ಇಲ್ಲ. ಹಿಂದಿನಿಂದ ಬಂದವನೊಬ್ಬ ಹಾರ್ನ್ ಬಾರಿಸಿ, ಬೈದು, ದಾಟಿಕೊಂಡು ಹೋದ.

ಕನ್ನಡಿಯಲ್ಲಿ ಅವಳು ತಂದೆಯ ಮುಖ ಹುಡುಕುತ್ತಿದ್ದಳು.

"ಬಿಡಮ್ಮ" ಎಂದರು ಅವರು.

ಯಾವ ಬಿಡು ಎಂದು ಅವಳು ಕೇಳಲಿಲ್ಲ. ಕಾರು ಮೆಲ್ಲಗೆ ಇಳಿಯಿತು.