ಚುಕ್ಕಿ ಅಕ್ಕನ ಹನ್ನೆರಡು ಸೆಂಟಿಮೀಟರ್

ನಕ್ಷೆ ತಯಾರಿಸುವ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಚುಕ್ಕಿ ಅಕ್ಕ. ವಿಮಾನದಿಂದ ತೆಗೆದ ಜೋಡಿ ಫೋಟೋಗಳನ್ನು ವಿಶೇಷ ಕನ್ನಡಕದಲ್ಲಿ ನೋಡಿದರೆ ಪರದೆಯ ಮೇಲೆ ಗುಡ್ಡ, ರಸ್ತೆ, ಮನೆಗಳು ಉಬ್ಬಿ ನಿಲ್ಲುತ್ತವೆ. ಅಲ್ಲಿ ಒಂದು ಬೆಳಕಿನ ಚುಕ್ಕಿಯನ್ನು ಮೆಲ್ಲಗೆ ಇಳಿಸಿ ನೆಲಕ್ಕೆ ತಾಗಿಸಬೇಕು. ತಾಗಿದಲ್ಲಿ ನೆಲದ ಎತ್ತರ ಸಿಗುತ್ತದೆ. ಕೇಳಲು ಸುಲಭ. ಹೊಸಬರು ಕೂತರೆ ಚುಕ್ಕಿ ಒಮ್ಮೆ ಗಾಳಿಯಲ್ಲಿ ತೇಲುತ್ತದೆ, ಒಮ್ಮೆ ನೆಲದಲ್ಲಿ ಹೂತುಹೋಗುತ್ತದೆ, ಸಂಜೆಗೆ ತಲೆ ಧಿಮ್ಮೆನ್ನುತ್ತದೆ. ಅಕ್ಕ ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಕುರ್ಚಿಯೆಂದರೆ ಅವಳಿಗೆ ಪ್ರಾಣ.

ಈ ವರ್ಷ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ರಜೆ ಮುಗಿಸಿ ಬಂದವಳಿಗೆ ಅಧಿಕಾರಿ ಪರೀಕ್ಷೆ ಇಟ್ಟರು. ಇಪ್ಪತ್ತು ಜಾಗ, ಒಂದೊಂದನ್ನೂ ಹತ್ತು ಸಲ ಅಳೆಯಬೇಕು. ನೆಲದ ಮೇಲೆ ಕೋಲು ಊರಿ ಅಳೆದ ಲೆಕ್ಕಕ್ಕೂ ಇದಕ್ಕೂ ಐದು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಅವಳಿಗೆ ಫೈಲು ಕೋಣೆಯೇ ಗತಿ. ಕೋಲು ಊರಿದವನು ಬೇರಾರೂ ಅಲ್ಲ, ಅವಳ ಗಂಡನೇ.

"ಹನ್ನೆರಡು ಸೆಂಟಿಮೀಟರ್ ಮೇಲಿದೆ ಅಕ್ಕಾ," ಎಂದರು ಅಧಿಕಾರಿ. "ನಿಮ್ಮ ಚುಕ್ಕಿ ನೆಲ ಮುಟ್ಟೋಕೆ ಮುಂಚೆನೇ ನಿಂತುಬಿಡ್ತಿದೆ."

ಅವಳು ಲೆಕ್ಕದ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು.

"ಕಣ್ಣು ಸೋತಿದ್ರೆ ಒಂದ್ಸಲ ಮೇಲೆ, ಒಂದ್ಸಲ ಕೆಳಗೆ ಹೋಗ್ಬೇಕಲ್ವಾ ಸರ್? ಇಲ್ಲಿ ಇಪ್ಪತ್ತು ಕಡೆನೂ ಹೆಚ್ಚುಕಮ್ಮಿ ಹನ್ನೆರಡೇ!"

"ಕಣ್ಣು ಒಂದೇ ಸಮ ತಪ್ಪಬಹುದಲ್ವಾ? ನಾಳೆವರೆಗೂ ನೋಡ್ತೀನಿ, ಆಮೇಲೆ ಫೈಲು ಕೋಣೆನೇ."

ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದಳು. ಬಾಗಿಲ ಹಿಂದೆ ಗಂಡನ ಕೋಲು ನಿಂತಿತ್ತು. ಎರಡು ಮೀಟರಿನ ಕೋಲದು. ಅದರ ಮೇಲಿನ ತುದಿಯಲ್ಲಿ ಕೂತ ಯಂತ್ರ ಹೇಳಿದ ಎತ್ತರದಿಂದ ಎರಡು ಮೀಟರ್ ಕಳೆದು ನೆಲದ ಎತ್ತರ ಬರೆಯುತ್ತಾರೆ. ಮೊದಲೆಲ್ಲ ಅಟ್ಟದ ಹಲಗೆಗೆ ತಲೆ ತಾಗಿಸಿ ನಿಲ್ಲುತ್ತಿದ್ದ ಕೋಲು ಈಗ ಅರ್ಧ ಗೇಣು ಕೆಳಗಿತ್ತು.

"ರೀ, ಈ ಕೋಲು ಯಾಕೆ ಕುಳ್ಳಾಗಿದೆ?"

ಗಂಡ ಟವೆಲಿನಲ್ಲಿ ಮುಖ ಒರೆಸುತ್ತಾ ಬಂದ. "ಕಲ್ಲಿಗೆ ಬಡಿದು ಕೆಳಗಿನ ಮೊನೆ ಮುರೀತು ಕಣೇ. ವೆಲ್ಡಿಂಗ್ ಅಂಗಡೀಲಿ ಬೇರೆ ಹಾಕಿಸ್ದೆ. ಸ್ವಲ್ಪ ಚಿಕ್ಕದು, ಅಷ್ಟೇ."

"ಯಾವಾಗ?"

"ಆ ಇಪ್ಪತ್ತು ಜಾಗ ಅಳೆಯೋಕೆ ಹೊರಟ ದಿನ..." ಮಾತು ಅಲ್ಲಿಗೇ ನಿಂತಿತು. ಟವೆಲೂ ನಿಂತಿತು.

ಅವಳು ಟೇಪು ತಂದು ಹಿಡಿದಳು. ಒಂದು ಮೀಟರ್ ಎಂಬತ್ತೆಂಟು. ಬೈಯಲು ಬಾಯಿ ತೆರೆದವಳಿಗೆ ನಗುವೇ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಯಿತು.

ಮರುದಿನ ಅಧಿಕಾರಿಯ ಎದುರು ಗಂಡ ತಲೆ ಕೆರೆದುಕೊಳ್ಳುತ್ತಾ ತಪ್ಪೊಪ್ಪಿಕೊಂಡ. ಎರಡು ಮೀಟರಿನ ಬದಲು ಕೋಲಿನ ನಿಜವಾದ ಉದ್ದ ಕಳೆದು ಲೆಕ್ಕ ತಿದ್ದಿದರು. ಎಲ್ಲಿಯೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಲಿಲ್ಲ.

"ಅಕ್ಕನ ಕಣ್ಣು ಪರೀಕ್ಷೆ ಮಾಡೋಕೆ ಹೋಗಿ ನಿಮ್ಮ ಕೋಲಿನ ಪರೀಕ್ಷೆ ಆಯ್ತಲ್ರೀ!" ಎಂದು ಅಧಿಕಾರಿ ನಕ್ಕರು. ಅಕ್ಕ ಆಗಲೇ ಹೋಗಿ ತನ್ನ ಕುರ್ಚಿಯಲ್ಲಿ ಕೂತಾಗಿತ್ತು.

ಈಗ ಅವನು ಕೆಲಸಕ್ಕೆ ಹೊರಡುವ ಮುನ್ನ, ಸರಿಯಾದ ಮೊನೆ ಹಾಕಿಸಿದ ಕೋಲನ್ನು ಅಟ್ಟದ ಹಲಗೆಯ ಕೆಳಗೆ ನಿಲ್ಲಿಸಿ ಹೆಂಡತಿಯನ್ನು ಕೂಗುತ್ತಾನೆ. ಅವಳು ಒಲೆ ಸಣ್ಣ ಮಾಡಿ ಬರುತ್ತಾಳೆ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಆಪರೇಷನ್ ಆದ ಕಣ್ಣೊಂದರಲ್ಲೇ ನೋಡುತ್ತಾಳೆ.

"ಸರಿಯಾಗಿದೆ, ಹೋಗಿ ಬನ್ನಿ," ಎಂದ ಮೇಲೆಯೇ ಅವನು ಚಪ್ಪಲಿ ಮೆಟ್ಟುವುದು.