ಎದುರು ಸೈಟಿನ ಸೀಮೆಹುಲ್ಲು

ಬೋಗಾದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಬೆಳಗಿನ ಜೊಂಪಿನಲ್ಲಿ ಕಿಟಕಿಯಾಚೆ ಸರಸರ ಸದ್ದು ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಹೊಸ ಸೀರೆ ಮಡಚುತ್ತಿದ್ದಾರೆ ಎಂದುಕೊಂಡು ಮತ್ತೆ ಮಗ್ಗುಲಾಗುತ್ತಿದ್ದೆ. ಅದು ಎದುರಿನ ಖಾಲಿ ಸೈಟಿನಲ್ಲಿ ಆಳೆತ್ತರ ಬೆಳೆದ ಸೀಮೆಹುಲ್ಲು. ಹಿಂದೆ ಅತ್ತೆಯವರ ರಾಗಿ ಹೊಲವಾಗಿದ್ದ ಜಾಗ. ಅದು ಬಡಾವಣೆಯಾಗಿ ಯಾರದೋ ಸೈಟಾದ ಮೇಲೂ ಅತ್ತೆ ಅಲ್ಲಿ ಹುಲ್ಲಿನ ಗೆಣ್ಣು ನೆಟ್ಟು, ಅದನ್ನೇ ನಂಬಿ ಒಂದು ಸೀಮೆಹಸು ಕಟ್ಟಿದ್ದರು. ಹಸು ಅಲ್ಲೇ ನಿಂತು ಮೇಯುತ್ತಿತ್ತು, ಹುಲ್ಲು ಕೊಯ್ದಷ್ಟೂ ಚಿಗುರುತ್ತಿತ್ತು.

ಹೊರಗಿನಿಂದ ಬಂದದ್ದಕ್ಕೆಲ್ಲ ಅತ್ತೆಯ ಬಾಯಲ್ಲಿ ಸೀಮೆಯೆಂದೇ ಹೆಸರು. ನಜರ್‌ಬಾದಿನಿಂದ, ಅಂದರೆ ಸಿಟಿ ಬಸ್ಸಿನಷ್ಟು ದೂರದಿಂದ ಬಂದ ನಾನೂ ಸೀಮೆಸೊಸೆ. "ಸೀಮೆದು ಬ್ಯಾಗ ಬೇರು ಬುಡ್ತದೆ ಕಣವ್ವ" ಎಂದು ನಕ್ಕಾಗ ನನಗೆ ಸಿಟ್ಟೂ ಬಂತು, ಒಳಗೊಳಗೇ ಹಿಗ್ಗೂ ಆಯಿತು.

ಒಂದು ದಿನ ಸೈಟಿನವರು ಮನೆ ಕಟ್ಟಲು ಬಂದರು. ಚಾಮರಾಜಪುರಂನ ಮರ್ಯಾದಸ್ಥರು, ಬೇಜಾರು ಮಾಡ್ಕೋಬೇಡಿ ಎನ್ನುತ್ತಲೇ ಜೆಸಿಬಿ ಇಳಿಸಿದರು. ಹುಲ್ಲು ನೆಡಲು ಹತ್ತಿರದಲ್ಲಿ ಬೇರೆ ಜಾಗ ಉಳಿದಿರಲಿಲ್ಲ.

"ಮೇವಿಲ್ದೆ ಎಂಗವ್ವ ಸಾಕ್ತೀಯ? ಕೊಟ್ಬುಡೋಣ" ಎಂದು ನನ್ನ ಗಂಡ ಹೇಳಿ ಹೇಳಿ ಸೋತರು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಒಣಹುಲ್ಲು, ಬೂಸಾ, ಛತ್ರದ ಬಾಳೆಲೆ, ಸಿಕ್ಕಿದ್ದು ತಂದು ಹಾಕಿದರು. ಹಸು ಬಡಕಲಾಯಿತು. ಅದರ ಪಕ್ಕೆ ನೋಡಿದರೆ ನನಗೆ ಸಂಕಟ. ಅತ್ತೆಗೆ ಹೇಳುವಷ್ಟು ಧೈರ್ಯ ಮಾತ್ರ ಇರಲಿಲ್ಲ.

ಮನೆ ಎದ್ದಿತು. ಗೃಹಪ್ರವೇಶಕ್ಕೆ ಮೊದಲು ಹಸು ಒಳಗೆ ಕಾಲಿಡಬೇಕಲ್ಲ. "ಅಮ್ಮಾ, ನಿಮ್ಮ ಹಸುನೇ ಬರ್ಬೇಕು" ಎಂದು ಅವರೇ ಬಂದು ಕರೆದರು. ಅತ್ತೆ ಅದರ ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ ಹೊರಡಿಸಿದರು. ನಸುಕಿನ ಮಂಜು, ಹೋಮದ ಹೊಗೆ. ಯಾವುದು ಎಲ್ಲಿ ಮುಗಿಯಿತೋ ಗೊತ್ತಾಗುತ್ತಿರಲಿಲ್ಲ. ನಾನು ಅರೆನಿದ್ದೆಯಲ್ಲೇ ಅವರ ಹಿಂದೆ ನಡೆದೆ. ಟೈಲ್ಸ್ ಮೇಲೆ ಹಸು ಜಾರದಿರಲೆಂದು ಗೋಣಿಚೀಲ ಹಾಸಿದ್ದರು.

ಹಸು ನಡುಮನೆಯಲ್ಲಿ ನಿಂತಿತು. ತಲೆ ಬಗ್ಗಿಸಿ, ಗೋಣಿಚೀಲವನ್ನು ಮೂತಿಯಿಂದ ಸರಿಸಿ, ಬರೀ ನೆಲವನ್ನು ಮೂಸಿತು. ಆಮೇಲೆ ನೆಕ್ಕಿತು. ಮುಂದೆ ಹೋಗಿ ಇನ್ನೊಂದು ಕಡೆ ಮೂಸಿತು.

"ನೋಡಿ, ನಮಸ್ಕಾರ ಮಾಡ್ತಾ ಇದೆ!" ಎಂದು ಯಾರೋ ಕೈಮುಗಿದರು.

ಅತ್ತೆ ಹಗ್ಗ ಸಡಿಲ ಬಿಟ್ಟು, ಅದು ಮೂಸಿದ ಕಡೆಗೆಲ್ಲ ಹಿಂದೆ ಹಿಂದೆ ನಡೆದರು. ಕೊನೆಗೆ ಅದರ ಕಿವಿಯ ಬಳಿ ಬಗ್ಗಿ, "ಇಲ್ಲಿಲ್ಲ ಕಣವ್ವ, ಬಾ" ಎಂದರು.

ಹೊರಗೆ ಬಂದ ಅತ್ತೆ, ಬಾಗಿಲ ಬಳಿ ನಿಂತಿದ್ದ ನನ್ನ ಗಂಡನ ಮುಖ ನೋಡಲಿಲ್ಲ. ಹಗ್ಗವನ್ನು ಅವರ ಕೈಗಿಟ್ಟು, "ಹುಲ್ಲಿರೋ ಕಡೆ ಕೊಟ್ಬುಡು ಕಣಪ್ಪ" ಎಂದರು.