ಹದಿನಾಲ್ಕನೇ ಬಸ್ಸಿನ ಅಭ್ಯರ್ಥಿ

ಹೊರಗೆ ಇನ್ನೂ ಕತ್ತಲೆ. ಟರ್ಕಿ ಬೆಂಡ್ ಊರಿನ ಶಾಲೆಯ ಹಿಂದಿನ ಅಂಗಳದಲ್ಲಿ ಡಾರ್ಲಾ ಹುಬಾಚೆಕ್ ಹಳದಿ ಬಸ್ಸಿನ ಗಾಜಿಗೆ ಕಟ್ಟಿದ ಮಂಜನ್ನು ಕೆರೆಯುತ್ತಿದ್ದಾರೆ. ಎಂಜಿನ್ ಬಿಸಿಯಾಗಲು ಬಿಟ್ಟು, ಟಾರ್ಚ್ ಹಿಡಿದು ಟೈರು, ದೀಪ ಎಲ್ಲ ನೋಡುತ್ತಾರೆ. ಕೊನೆಗೆ ಒಳಗೆ ಹತ್ತಿ, ಕಟ್ಟಕಡೆಯ ಸೀಟಿನವರೆಗೂ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗುತ್ತಾರೆ. ರಾತ್ರಿಯಿಡೀ ಬೀಗ ಹಾಕಿದ್ದ ಬಸ್ಸಿನಲ್ಲಿ ಏನು ಹುಡುಕುತ್ತಿದ್ದೀರಿ ಎಂದು, ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು ಕೇಳುತ್ತೇನೆ.

“ನಿದ್ದೆ ಹೋದ ಮಗು ಏನಾದ್ರೂ ಉಳಿದಿದ್ಯಾ ಅಂತ. ನಿನ್ನೆ ಸಂಜೆನೂ ನೋಡಿದೀನಿ. ಆದ್ರೂ ಮನಸ್ಸು ಕೇಳಲ್ಲ.”

ಐವತ್ತೆಂಟರ ಡಾರ್ಲಾ ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತಿದ್ದಾರೆ. ಬರುವ ಮಂಗಳವಾರ ಅವರ ಹೆಸರು ಮೊದಲ ಬಾರಿಗೆ ಮತಪತ್ರದ ಮೇಲೆ ಬರುತ್ತದೆ. ಅವರು ನಿಂತಿರುವುದು ಊರಿನ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿಗೆ. ಎದುರಾಳಿ ಮಂಡಳಿಯ ಅಧ್ಯಕ್ಷ ಕ್ರೇಗ್ ಥೀಸನ್. ಊರಿನಲ್ಲಿ ವಿಮೆ ಮಾರುವ ಈ ಕ್ರೇಗ್, ಹುಡುಗನಾಗಿದ್ದಾಗ ಇದೇ ಡಾರ್ಲಾ ಬಸ್ಸಿನಲ್ಲಿ ಮೂರನೇ ಸೀಟಿನಲ್ಲಿ ಕೂತು ಬಂದವನು. ನನ್ನ ಮಗಳೂ ಅದೇ ಬಸ್ಸಿನಲ್ಲಿ ಓದಲು ಹೋದವಳು. ಹಾಗಾಗಿ ನಾನು ಯಾರ ಕಡೆಯೂ ಅಲ್ಲ ಎಂದು ನಾಟಕ ಆಡುವುದಿಲ್ಲ.

ಎರಡು ವರ್ಷದ ಹಿಂದೆ ಮಂಡಳಿ ಉತ್ತರ ದಿಕ್ಕಿನ ಸಣ್ಣ ಶಾಲೆಗೆ ಬೀಗ ಹಾಕಿತು. ಮಕ್ಕಳು ಕಡಿಮೆ, ಖರ್ಚು ಜಾಸ್ತಿ ಎಂಬುದು ಅವರ ಮಾತು. ಅಂದಿನಿಂದ ಆ ಕಡೆಯ ಮಕ್ಕಳೆಲ್ಲ ಈ ಹದಿನಾಲ್ಕನೇ ಬಸ್ಸಿಗೆ ಬಂದರು, ಡಾರ್ಲಾ ದಾರಿ ದುಪ್ಪಟ್ಟಾಯಿತು. ಎಲ್ಲರಿಗಿಂತ ಮೊದಲು ಹತ್ತುವ ಆರು ವರ್ಷದ ಟಕರ್ ಶಾಲೆ ಮುಟ್ಟಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು.

“ಒಂದ್ ದಿನ ಕೇಳ್ದೆ, ಯಾಕೋ ಮುಖ ಬಾಡಿದೆ, ತಿಂಡಿ ಆಯ್ತಾ ಅಂತ. ಹಾಲು ಕುಡಿಯೋದು ಬಿಟ್ಟಿದೀನಿ ಅಂದ. ಯಾಕೆ? ದಾರೀಲಿ ಉಚ್ಚೆ ಬಂದ್ರೆ ಕಷ್ಟ ಅಂತ! ಆಮೇಲೆ ಒಬ್ಬೊಬ್ರನ್ನೇ ಕೇಳಿದೆ. ಉತ್ತರದ ಕಡೆ ಸಣ್ಣವು ಯಾವೂ ಬೆಳಿಗ್ಗೆ ಏನೂ ಕುಡಿಯಲ್ಲ. ಹಸು ಸಾಕೋರ ಮನೆ ಮಕ್ಕಳು ಕಣ್ರೀ ಅವು!”

ಅದನ್ನು ಹೇಳಲೆಂದೇ ಅವರು ಮಂಡಳಿಯ ಸಭೆಗೆ ಹೋದರು. ಅಲ್ಲಿ ಊರವರು ಯಾರೇ ಮಾತಾಡಿದರೂ ಮೂರು ನಿಮಿಷ. ಡಾರ್ಲಾ ಇನ್ನೂ ಹಾಲಿನ ಮಾತಿಗೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂದು ಕ್ರೇಗ್ ಗಂಟೆ ಬಾರಿಸಿದ.

“ಆ ಮಗು ಒಂದೂಕಾಲು ಗಂಟೆ ಬಿಗಿ ಹಿಡ್ಕೊಂಡು ಕೂರತ್ತೆ ಕ್ರೇಗ್, ನೀನು ಇನ್ನೊಂದು ನಿಮಿಷ ಕೂರಕ್ಕಾಗಲ್ವಾ ಅಂದೆ. ನಿಯಮ ನಿಯಮಾನೇ ಡಾರ್ಲಾ ಅಂದ. ಸರಿ, ಗಂಟೆ ಇರೋ ಕಡೆನೇ ಬಂದು ಕೂರ್ತೀನಿ ಬಿಡು ಅಂದು ಎದ್ದು ಬಂದೆ.”

ಅಲ್ಲೊಂದು ತೊಡಕಿದೆ. ಇಲ್ಲಿಯ ನಿಯಮದಂತೆ ಶಾಲೆಯ ಸಂಬಳ ಪಡೆಯುವವರು ಮಂಡಳಿಯಲ್ಲಿ ಇರುವಂತಿಲ್ಲ. ಗೆದ್ದರೆ ಬಸ್ಸಿನ ಕೀಲಿ ಒಪ್ಪಿಸಬೇಕು. ಮಂಡಳಿಯ ಕೆಲಸಕ್ಕೆ ಸಂಬಳವಿಲ್ಲ. ಮಾಂಸದ ಕಾರ್ಖಾನೆಯಲ್ಲಿ ಸೊಂಟ ಮುರಿದುಕೊಂಡು ಮನೆಯಲ್ಲಿರುವ ಗಂಡ ಲ್ಯಾಡಿ ತಮಾಷೆ ಬಿಟ್ಟಿಲ್ಲ. “ಕೆಲಸ ಕಳ್ಕೊಳಕ್ಕೆ ಮನೆಮನೆಗೆ ಹೋಗಿ ವೋಟು ಕೇಳೋಳು ಇವಳೊಬ್ಬಳೇ” ಎನ್ನುತ್ತಾರೆ. ಮೆಕ್ಕೆಜೋಳದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸವನ್ನು ಡಾರ್ಲಾ ಈಗಲೇ ಮಾತಾಡಿಟ್ಟುಕೊಂಡಿದ್ದಾರೆ.

ವೋಟು ಕೇಳುವುದೂ ಅವರಿಗೆ ಹೊಸತು. ಮೊದಲ ದಿನ ತಮ್ಮ ಹಳೇ ಪಿಕಪ್ ವ್ಯಾನಿನಲ್ಲಿ ಹೊರಟವರು, ಪ್ರತಿ ಮನೆಯ ದಾರಿ ಕೊನೆಗೆ, ಟಪಾಲು ಡಬ್ಬಿಯ ಪಕ್ಕ ಗಾಡಿ ನಿಲ್ಲಿಸಿ ಸುಮ್ಮನೆ ಕಾಯುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ಅವರು ಅದರಾಚೆ ಹೆಜ್ಜೆ ಇಟ್ಟವರೇ ಅಲ್ಲ. ಮುದುಕ ವರ್ನನ್ ಕೊನೆಗೆ ಮನೆ ಚಪ್ಪಲಿಯಲ್ಲೇ ಇಳಿದು ಬಂದ.

“ಯಾಕಮ್ಮಾ, ಬಾಗಿಲು ತಟ್ಟಕ್ಕೆ ಬರಲ್ವಾ?”

“ನಿಮ್ಮ ಮನೆ ಮಕ್ಕಳು ಯಾವಾಗ್ಲೂ ತಾವೇ ಓಡಿ ಬರ್ತಿದ್ರಲ್ಲ ವರ್ನನ್!”

“ಓಡಿ ಬರೋ ಮಕ್ಕಳು ಬೆಳೆದು ಹೋದ್ರು. ಒಳಗೆ ಬಾ, ಕಾಫಿ ಇಟ್ಟಿದೀನಿ.”

ಗಸಗಸೆ ತುಂಬಿದ ಕೋಲಾಚಿ ಎಂಬ ಸಿಹಿ ಬನ್ನು ತಿನ್ನಿಸಿಯೇ ಕಳಿಸಿದ. ಆಮೇಲಿಂದ ಡಾರ್ಲಾ ಬಾಗಿಲು ತಟ್ಟುತ್ತಾರೆ, ಅದೂ ಜೋರಾಗಿಯೇ. ಉತ್ತರದ ಶಾಲೆಯ ಬೀಗ ತೆಗೆಸುತ್ತೇನೆ ಎಂದೇ ವೋಟು ಕೇಳುತ್ತಾರೆ.

ಹೋದ ವಾರ ಶಾಲೆಯ ಆಟದ ಹಾಲ್‌ನಲ್ಲಿ ಇಬ್ಬರೂ ಊರವರ ಮುಂದೆ ಮಾತಾಡಿದರು. “ಡಾರ್ಲಾ ಒಳ್ಳೆ ಡ್ರೈವರ್. ಆ ಕೆಲಸದಲ್ಲೇ ಅವರು ಇರಲಿ ಅಂತ ನನ್ನಾಸೆ” ಎಂದ ಕ್ರೇಗ್. ನಾಲ್ಕು ಜನ ನಕ್ಕರು. ಡಾರ್ಲಾ ಮೈಕಿನ ಹತ್ತಿರ ಬಾಯಿ ತಂದು, “ಕ್ರೇಗ್, ನಿಂಗೆ ಐದನೇ ಕ್ಲಾಸಲ್ಲೂ ಹೇಳ್ತಿದ್ದೆ, ಹಿಂದೆ ತಿರುಗಿ ನೋಡದೆ ಇಳೀಬೇಡ ಅಂತ. ಉತ್ತರದ ಮಕ್ಕಳನ್ನ ಹಿಂದಿನ ಸೀಟಲ್ಲೇ ಬಿಟ್ಟು ಬೀಗ ಹಾಕಿದೀರಿ ನೀವು. ನಾನು ಹಾಗೆ ಮಾಡಿದ್ರೆ ಅವತ್ತೇ ಕೆಲಸದಿಂದ ತೆಗೀತಿದ್ರಿ” ಎಂದರು. ಹಾಲ್ ಎದ್ದು ನಿಂತಿತು ಎಂದು ಬರೆಯಲು ಆಸೆ. ಆದರೆ ಅರ್ಧದಷ್ಟು ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ ನೆಲ ನೋಡಿದರು. ಸಾಲದು, ಗೆಲ್ಲಲು ಇನ್ನೂ ಬೇಕು.

ಬಸ್ಸು ಉತ್ತರದ ಕೊನೆಯ ಮನೆ ಮುಟ್ಟುವಾಗಲೂ ಬೆಳಕಾಗಿಲ್ಲ. ಟಪಾಲು ಡಬ್ಬಿಯ ಪಕ್ಕ ಟಕರ್ ನಿಂತಿದ್ದಾನೆ, ಟೋಪಿಯೊಳಗೆ ಅರ್ಧ ಮುಖ. ದಾರಿಯಲ್ಲಿ ಮುಚ್ಚಿದ ಶಾಲೆ ಬರುತ್ತದೆ. ಅವನ ಮನೆಯಿಂದ ಅಲ್ಲಿಗೆ ಕೂಗಳತೆ ದೂರ. ಉಯ್ಯಾಲೆಯ ಸರಪಳಿ ಇನ್ನೂ ನೇತಾಡುತ್ತಿದೆ. ಯಾರೋ ಮನೆಯಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿರಬೇಕು, ಹುಡುಗ ಡಾರ್ಲಾ ಹಿಂದಿನ ಸೀಟಿನಿಂದ ಕೇಳುತ್ತಾನೆ.

“ಮಿಸ್ ಡಾರ್ಲಾ, ನೀವು ಗೆದ್ರೆ ಬಸ್ ಓಡ್ಸಲ್ವಂತೆ. ಹೌದಾ?”

“ಹೌದಪ್ಪ.”

“ಮತ್ತೆ ನನ್ನ ಯಾರು ಕರ್ಕೊಂಡು ಹೋಗ್ತಾರೆ?”

ಡಾರ್ಲಾ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿ ಗೇರು ಬದಲಿಸುತ್ತಾರೆ.

“ನೀನು ನಡ್ಕೊಂಡೇ ಹೋಗ್ತೀಯ. ಹಾಲು ಕುಡಿದು.”